ಟೊರೆಂಟ್ ಓಡಿಸಿದ ಮೇಲೆ ರೌಟರ್ ಕೈಕೊಟ್ಟರೆ: ರೀಸ್ಟಾರ್ಟ್‌ಗೆ ಮುನ್ನ ನೋಡಬೇಕಾದದ್ದು

ಟೊರೆಂಟ್ (ಇತರ ಬಳಕೆದಾರರ ಕಂಪ್ಯೂಟರುಗಳ ಜೊತೆ ನೇರವಾಗಿ ಕಡತ ಹಂಚಿಕೊಳ್ಳುವ ವಿಧಾನ) ಓಡಿಸಿದ ಮೇಲೆ ವೈಫೈ ಸಿಗ್ನಲ್ ಪೂರ್ತಿ ಇರುತ್ತದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ರೌಟರ್ ಆಫ್ ಮಾಡಿ ಆನ್ ಮಾಡಿದರೆ ಎಲ್ಲ ಸರಿಹೋಗಿ, ಕೆಲವು ಗಂಟೆಗಳಲ್ಲಿ ಮತ್ತೆ ಅದೇ ಪಾಡು. ಇದಕ್ಕೆ ಕಾರಣ ಹಲವು ಇರಬಹುದು. ರೀಸ್ಟಾರ್ಟ್ ಎಲ್ಲಕ್ಕೂ ತಾತ್ಕಾಲಿಕ ಮದ್ದು, ಅದಕ್ಕೇ ಅದರಿಂದ ಕಾರಣ ತಿಳಿಯುವುದಿಲ್ಲ. ರೌಟರಿನ ಸಂಪರ್ಕಗಳ ಟೇಬಲ್ ಖಾಲಿಯಾಗುತ್ತದೆ, ಹೊರಡಲು ಕಾಯುವ ಪ್ಯಾಕೆಟ್‌ಗಳ (ದತ್ತಾಂಶದ ಚಿಕ್ಕ ತುಂಡುಗಳ) ಕ್ಯೂ ಖಾಲಿಯಾಗುತ್ತದೆ, ಹಲವು ಮಾಡೆಲ್‌ಗಳಲ್ಲಿ ಲಾಗ್ ಕೂಡ ಅಳಿಸಿಹೋಗುತ್ತದೆ. ಕೆಟ್ಟ ಸ್ಥಿತಿಯಲ್ಲಿರುವಾಗಲೇ ಐದು ನಿಮಿಷ ಪರೀಕ್ಷಿಸುವುದು ಒಳ್ಳೆಯದು.

ಮೊದಲು ಕಂಪ್ಯೂಟರನ್ನು ಕೇಬಲ್‌ನಿಂದ ರೌಟರಿನ ಲ್ಯಾನ್ ಪೋರ್ಟ್‌ಗೆ ಜೋಡಿಸಿ. ವೈಫೈ ಮೇಲಿನ ಅನುಮಾನ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಮೂರು ಪಿಂಗ್ (ಒಂದು ವಿಳಾಸ ಉತ್ತರಿಸುತ್ತದೆಯೇ, ಎಷ್ಟು ಬೇಗ ಎಂದು ನೋಡುವ ಆದೇಶ): ರೌಟರಿನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1), ಹೊರಗಿನ 8.8.8.8ಕ್ಕೆ, ಕೊನೆಗೆ ಯಾವುದಾದರೂ ವೆಬ್‌ಸೈಟಿನ ಹೆಸರಿಗೆ. ಮೊದಲೆರಡು ಸರಿಯಾಗಿದ್ದು ಹೆಸರಿಗೆ ಮಾತ್ರ ಉತ್ತರ ಬಾರದಿದ್ದರೆ ರೌಟರಿನೊಳಗಿನ ಡಿಎನ್‌ಎಸ್ ಸೇವೆ (ಹೆಸರಿಗೆ ತಕ್ಕ ವಿಳಾಸ ಹುಡುಕಿಕೊಡುವುದು) ಸೋತಿರಬಹುದು. ಕಂಪ್ಯೂಟರಿನಲ್ಲಿ ಡಿಎನ್‌ಎಸ್ ವಿಳಾಸವಾಗಿ ನೇರವಾಗಿ 1.1.1.1 ಅಥವಾ 8.8.8.8 ಹಾಕಿದರೆ ಆ ಕೆಲಸ ಮುಗಿಯಿತು.

ಕ್ಯೂ ತುಂಬಿದಾಗ

8.8.8.8ಕ್ಕೆ ಉತ್ತರ ಬರುತ್ತದೆ, ಆದರೆ 20 ಮಿಲಿಸೆಕೆಂಡ್ ಇದ್ದದ್ದು 2000 ಆಗಿದೆ. ಟೊರೆಂಟ್ ನಿಲ್ಲಿಸಿದ ಕೆಲವೇ ಸೆಕೆಂಡುಗಳಲ್ಲಿ ಮೊದಲಿನಂತಾಗುತ್ತದೆ. ಹಾಗಿದ್ದರೆ ರೌಟರ್ ಕೆಟ್ಟಿಲ್ಲ, ಅಪ್‌ಲೋಡ್ ದಾರಿ ತುಂಬಿದೆ ಅಷ್ಟೆ. ಅಪ್‌ಲೋಡ್ 1 ಎಂಬಿಪಿಎಸ್ ಇದ್ದು, ರೌಟರ್ 256 ಕೆಬಿ ಬಫರ್‌ನಲ್ಲಿ ಪ್ಯಾಕೆಟ್‌ಗಳನ್ನು ಸಾಲಾಗಿ ನಿಲ್ಲಿಸಿದರೆ, ಕೊನೆಯದು ಹೊರಡಲು ಸುಮಾರು 2 ಸೆಕೆಂಡು ಬೇಕು. ಡೌನ್‌ಲೋಡ್ ಕೂಡ ನಿಧಾನವಾಗುವುದು ಇದರಿಂದಲೇ: ಪ್ಯಾಕೆಟ್ ತಲುಪಿತು ಎಂದು ನಾವು ಕಳಿಸಬೇಕಾದ ಸ್ವೀಕೃತಿಯೂ ಅದೇ ಸಾಲಿನಲ್ಲಿ ಕಾಯುತ್ತಿರುತ್ತದೆ.

ಪರಿಹಾರ, ಕ್ಲೈಂಟ್‌ನಲ್ಲಿ (ಟೊರೆಂಟ್ ಓಡಿಸುವ ಪ್ರೋಗ್ರಾಂನಲ್ಲಿ) ಅಪ್‌ಲೋಡ್ ಮಿತಿಯನ್ನು ಅಳೆದ ವೇಗದ 80%ಗೆ ಇಡುವುದು. ಹೆಚ್ಚಿನವರು ಎಡವುವುದು ಇಲ್ಲೇ. ಸ್ಪೀಡ್ ಟೆಸ್ಟ್ ತೋರಿಸುವುದು ಮೆಗಾಬಿಟ್, ಕ್ಲೈಂಟ್ ಕೇಳುವುದು ಕಿಲೋಬೈಟ್. 10 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 1250 ಕಿಲೋಬೈಟ್. ಅದರ 80% 1000. ಕ್ಯೂಬಿಟ್‌ಟೊರೆಂಟ್ ಎಂಬ ಕ್ಲೈಂಟ್‌ನಲ್ಲಿ 0 ಎಂದು ಹಾಕಿದರೆ ಮಿತಿಯೇ ಇಲ್ಲವೆಂದು ಅರ್ಥ, ಅಪ್‌ಲೋಡ್ ನಿಂತಿತೆಂದಲ್ಲ. ರೌಟರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿ (ರೌಟರುಗಳಿಗೆಂದೇ ಇರುವ ಲಿನಕ್ಸ್ ತಂತ್ರಾಂಶ) ಇದ್ದರೆ ಎಸ್‌ಕ್ಯುಎಂ (ಕ್ಯೂ ಉದ್ದವಾಗದಂತೆ ನಿಭಾಯಿಸುವ ಸೌಲಭ್ಯ) ಹಾಕಿ, ಎರಡೂ ದಿಕ್ಕಿಗೆ ಅಳೆದ ವೇಗದ 85ರಿಂದ 95% ಕೊಡಿ. ಇಡೀ ಮನೆಗೆ ಅನ್ವಯಿಸುವುದರಿಂದ ಇದೇ ಹೆಚ್ಚು ಸರಿಯಾದ ದಾರಿ.

ಟೇಬಲ್ ತುಂಬಿದಾಗ

ಮನೆಯೊಳಗಿನ ಯಾವ ಸಾಧನ ಹೊರಗೆ ಯಾರೊಂದಿಗೆ ಮಾತಾಡುತ್ತಿದೆ ಎಂಬುದನ್ನು ರೌಟರ್ ಒಂದು ಟೇಬಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಒಂದೊಂದು ಸಂಪರ್ಕಕ್ಕೆ ಒಂದೊಂದು ಸಾಲು. ಟೊರೆಂಟ್ ಪ್ರತಿ ಪಿಯರ್‌ಗೂ (ಅದೇ ಕಡತ ಹಂಚಿಕೊಳ್ಳುತ್ತಿರುವ ಇನ್ನೊಂದು ಕಂಪ್ಯೂಟರಿಗೂ) ಒಂದು ಸಾಲು ಹಿಡಿಯುತ್ತದೆ. ಡಿಎಚ್‌ಟಿ (ಪಿಯರ್‌ಗಳನ್ನು ತಾನೇ ಹುಡುಕುವ ಸೌಲಭ್ಯ) ಆನ್ ಇದ್ದರೆ ನೂರಾರು ಅಪರಿಚಿತ ವಿಳಾಸಗಳಿಗೆ ಚಿಕ್ಕ ಯುಡಿಪಿ (ಮೊದಲು ಸಂಪರ್ಕ ಕಟ್ಟದೆಯೇ ಕಳಿಸುವ ಬಗೆಯ) ಪ್ಯಾಕೆಟ್ ಕಳಿಸುತ್ತಾ ಇನ್ನಷ್ಟು ಸಾಲು ಬಳಸುತ್ತದೆ. 4096 ಸಾಲಿನ ರೌಟರಿಗೆ ಇದು ಭಾರ.

ಗುರುತು ಹೀಗಿರುತ್ತದೆ: ಮೊದಲೇ ನಡೆಯುತ್ತಿದ್ದ ವಿಡಿಯೋ ಕರೆ ಮುಂದುವರಿಯುತ್ತದೆ, ಹೊಸ ಪುಟ ತೆರೆಯುವುದಿಲ್ಲ. ಹಳೆಯದಕ್ಕೆ ಟೇಬಲ್‌ನಲ್ಲಿ ಜಾಗ ಇದೆ, ಹೊಸದಕ್ಕೆ ಇಲ್ಲ. ಓಡುತ್ತಿರುವ ಪಿಂಗ್ ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ, ಹೊಸದಾಗಿ ಪಿಂಗ್ ಶುರುಮಾಡಿ ನೋಡಿ. ಲಿನಕ್ಸ್ ಆಧಾರಿತ ರೌಟರುಗಳಲ್ಲಿ ರೌಟರಿನ ಸ್ವಂತ ಪುಟಕ್ಕೂ ಒಂದು ಸಾಲು ಬೇಕು. ಹಾಗಾಗಿ ಸೆಟ್ಟಿಂಗ್ಸ್ ಪುಟ ತೆರೆಯದಿದ್ದ ಮಾತ್ರಕ್ಕೆ ರೌಟರ್ ಹ್ಯಾಂಗ್ ಆಗಿದೆ ಎನ್ನಲಾಗದು.

ಟೊರೆಂಟ್ ಮುಚ್ಚಿದ ಕೂಡಲೇ ಇದು ಸರಿಹೋಗುವುದಿಲ್ಲ. ಯುಡಿಪಿ ಸಾಲುಗಳು ಅರ್ಧ ನಿಮಿಷದಿಂದ ಎರಡು ಮೂರು ನಿಮಿಷದಲ್ಲಿ ಅಳಿಯುತ್ತವೆ. ಸರಿಯಾಗಿ ಮುಕ್ತಾಯವಾಗದ ಟಿಸಿಪಿ (ಮೊದಲು ಸಂಪರ್ಕ ಕಟ್ಟಿ ಮಾತಾಡುವ ಬಗೆಯ) ಸಾಲುಗಳದ್ದೇ ತಕರಾರು: ಲಿನಕ್ಸಿನ ಮೂಲ ಸೆಟ್ಟಿಂಗ್ ಪ್ರಕಾರ ಅವು 432000 ಸೆಕೆಂಡು, ಅಂದರೆ 5 ದಿನ ಉಳಿಯುತ್ತವೆ. ಓಪನ್‌ಡಬ್ಲ್ಯುಆರ್‌ಟಿ ಇದನ್ನು 7440 ಸೆಕೆಂಡಿಗೆ ಇಳಿಸಿದೆ.

ಕ್ಲೈಂಟ್‌ನಲ್ಲಿ ಒಟ್ಟು ಸಂಪರ್ಕ 100ರಿಂದ 150, ಒಂದು ಟೊರೆಂಟಿಗೆ 30ರಿಂದ 50, ಒಮ್ಮೆಗೆ ಓಡುವ ಟೊರೆಂಟ್ ಎರಡು ಮೂರು ಎಂದು ಇಡಿ. ವೇಗ ಕಡಿಮೆಯಾದೀತೆಂಬ ಭಯ ಬೇಡ: ಒಳ್ಳೆಯ ಪಿಯರ್‌ಗಳು 40 ಇದ್ದರೆ ಸಾಮಾನ್ಯ ಲೈನ್ ತುಂಬುತ್ತದೆ. ಇಷ್ಟಾದರೂ ತುಂಬುತ್ತಿದ್ದರೆ ಡಿಎಚ್‌ಟಿ ಆಫ್ ಮಾಡಿ ಒಂದು ದಿನ ನೋಡಿ. ಟೇಬಲ್ ಅನ್ನೇ ದೊಡ್ಡದು ಮಾಡುವ ಮುನ್ನ ರ್‍ಯಾಮ್ ಲೆಕ್ಕ ಹಾಕಿ. ಒಂದು ಸಾಲಿಗೆ ಸುಮಾರು 300 ಬೈಟ್ ಹಿಡಿದರೆ 16384 ಸಾಲಿಗೆ 5 ಎಂಬಿ ಬೇಕು. 32 ಎಂಬಿ ರೌಟರಿಗೆ ಇದು ಚಿಕ್ಕ ಮಾತಲ್ಲ; ಮೆಮೊರಿ ಮುಗಿದರೆ ನಿಜವಾಗಿಯೂ ಹ್ಯಾಂಗ್ ಆಗುತ್ತದೆ.

ಬಿಸಿ ಮತ್ತು ಅಡಾಪ್ಟರ್

ಟೊರೆಂಟ್ ನಿಲ್ಲಿಸಿ ಹತ್ತು ನಿಮಿಷ ಕಳೆದರೂ ಸುಧಾರಿಸದಿದ್ದರೆ, ಅಥವಾ ಎಲ್ಲ ದೀಪಗಳೂ ಒಮ್ಮೆಲೇ ಆರಿ ಹೊತ್ತಿಕೊಂಡರೆ, ಸ್ಟೇಟಸ್ ಪುಟದಲ್ಲಿ ಅಪ್‌ಟೈಮ್ (ರೌಟರ್ ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂಬುದು) ನೋಡಿ. ನೀವು ಮುಟ್ಟದೆಯೂ ಅದು ಸೊನ್ನೆಯಿಂದ ಶುರುವಾಗಿದ್ದರೆ ಮೊದಲ ಅನುಮಾನ ಅಡಾಪ್ಟರ್ ಮೇಲೆ ಇರಲಿ. ಒಳಗಿನ ಕೆಪಾಸಿಟರ್ ಹಳತಾದಂತೆ ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ. ಲೋಡ್ ಇಲ್ಲದೆ ಮಲ್ಟಿಮೀಟರ್‌ನಿಂದ ಅಳೆದರೆ 12 ವೋಲ್ಟ್ ಸರಿಯಾಗಿಯೇ ಕಾಣುವುದರಿಂದ ಆ ಅಳತೆಯನ್ನು ನಂಬುವಂತಿಲ್ಲ. ಬದಲಿ ಅಡಾಪ್ಟರಿನ ವೋಲ್ಟೇಜ್, ಪಿನ್ನಿನ ಗಾತ್ರ ಮತ್ತು ಪೊಲಾರಿಟಿ ಲೇಬಲ್‌ನಲ್ಲಿರುವಂತೆಯೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿದ್ದರೆ ಅಡ್ಡಿಯಿಲ್ಲ. ಹಳೆಯ ಅಡಾಪ್ಟರನ್ನು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಅಪಾಯಕಾರಿ ಚಾರ್ಜ್ ಉಳಿದಿರಬಹುದು. ರೌಟರ್ ಬಿಸಿಯಾಗುವ ಬೇರೊಂದು ಸಾಧನದ ಮೇಲಿದ್ದರೆ ಗಾಳಿಯಾಡುವ ಕಡೆ ಇಡಿ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇವೆಲ್ಲವನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದು ಫಲಿಸಿತೆಂದು ತಿಳಿಯದು. ಒಂದು ಬದಲಾವಣೆ ಮಾಡಿ, ಅದೇ ಟೊರೆಂಟನ್ನು ಅಷ್ಟೇ ಹೊತ್ತು ಓಡಿಸಿ, ನಂತರ ಮುಂದಿನದು.

ಒಂದು ವಿಷಯ ಬಾಕಿಯಿದೆ. ರೌಟರಿನ ಪುಟ ಸಲೀಸಾಗಿ ತೆರೆಯುತ್ತದೆ, ಟೇಬಲ್‌ನಲ್ಲಿ ಜಾಗ ಇದೆ, ಆದರೂ ಹೊಸ ಸಂಪರ್ಕ ಹುಟ್ಟುವುದಿಲ್ಲ ಎಂದಾದರೆ ವ್ಯಾನ್ ವಿಳಾಸ (ಸೇವಾದಾರರು ರೌಟರಿಗೆ ಕೊಟ್ಟದ್ದು) ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗಿದ್ದರೆ, ಸೇವಾದಾರರು ಒಂದೇ ಹೊರ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದ್ದಾರೆ. ಅಲ್ಲಿ ಒಬ್ಬೊಬ್ಬರಿಗೆ ಇಷ್ಟೇ ಪೋರ್ಟ್ (ಕೇಬಲ್ ಕಿಂಡಿಯಲ್ಲ, ಹೊರ ಸಂಪರ್ಕಗಳನ್ನು ಗುರುತಿಸುವ ಸಂಖ್ಯೆ) ಎಂಬ ಮಿತಿ ಇರಬಹುದು, ಅದು ಮುಗಿದಿರಬಹುದು. ಹೊಸ ರೌಟರ್ ತಂದರೂ ಪ್ರಯೋಜನವಿಲ್ಲ. ಸಂಪರ್ಕಗಳ ಸಂಖ್ಯೆ ಇಳಿಸಬೇಕು, ಇಲ್ಲವೇ ಸ್ವಂತ ಪಬ್ಲಿಕ್ ಐಪಿ (ಬೇರೆಯವರೊಂದಿಗೆ ಹಂಚಿಕೊಳ್ಳದ ಹೊರ ವಿಳಾಸ) ಕೇಳಿ ಪಡೆಯಬೇಕು.