ಸಂಜೆ ಐದೂವರೆಗೆ ಹೋಗಿ ನೋಡಿ

ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಬಂದ ಹಿರಿಯರಿಗೆ ಆರೈಕೆ ಕೇಂದ್ರ ಹುಡುಕುವವರು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ ನೋಡಿ ಬರುತ್ತಾರೆ. ಅಷ್ಟರಲ್ಲಿ ನೆಲ ಒರೆಸಿ ಆಗಿರುತ್ತದೆ, ಎಲ್ಲರದೂ ಜಳಕ ಮುಗಿದಿರುತ್ತದೆ, ಮ್ಯಾನೇಜರು ಕುರ್ಚಿಯಲ್ಲಿರುತ್ತಾರೆ, ಚಹಾ ಬರುತ್ತದೆ. ಹುಬ್ಬಳ್ಳಿಯ ನವನಗರದಲ್ಲಿರಲಿ, ಧಾರವಾಡದ ಹೊರಗಿನ ಬಡಾವಣೆಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಹನ್ನೊಂದಕ್ಕೆ ಯಾವ ಕೇಂದ್ರವೂ ಚೆಂದವೇ. ಅದೇ ಜಾಗಕ್ಕೆ ಸಂಜೆ ಐದೂವರೆಗೆ, ಹೇಳದೆ ಕೇಳದೆ ಹೋಗಿ. ಬರಬೇಡಿ ಎಂದರೆ ಅಲ್ಲಿಗೇ ನಿಮ್ಮ ಅರ್ಧ ಪರೀಕ್ಷೆ ಮುಗಿಯಿತು.

ಹೊತ್ತು ಇಳಿಯುತ್ತಿದ್ದಂತೆ ಈ ಕಾಯಿಲೆಯ ಅನೇಕರಲ್ಲಿ ತಳಮಳ ಏರುತ್ತದೆ. ಬಾಗಿಲ ಹತ್ತಿರ ಸುಳಿದಾಡುವುದು, ಚೀಲ ಹುಡುಕುವುದು, ಸೆರಗು ಸರಿಮಾಡಿಕೊಂಡು ‘ಕತ್ತಲಾತು, ಮನೀಗೆ ಹೋಗೂಣ ನಡಿ’ ಎನ್ನುವುದು, ತಡೆದರೆ ಕೂಗಾಡುವುದು. ಮನೆಯವರಿಗೆ ಇದು ಹಟದಂತೆ ಕಾಣುತ್ತದೆ. ನಮ್ಮ ಮಿದುಳಿನಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸುಮಾರು 20 ಸಾವಿರ ನರಕೋಶಗಳ ಪುಟ್ಟ ಗುಂಪೊಂದಿದೆ. ಹಗಲು ರಾತ್ರಿಯ ಲೆಕ್ಕ ಇಡುವುದು ಅದರ ಕೆಲಸ. ಆಲ್‌ಝೈಮರ್ ಎಂಬ ಬಗೆಯ ಡಿಮೆನ್ಷಿಯಾದಲ್ಲಿ ಈ ಗುಂಪೂ ಸವೆಯುತ್ತದೆ. ವಯಸ್ಸಾದವರ ಕಣ್ಣಿನ ಮಸೂರ ಹಳದಿಗಟ್ಟಿ ಒಳಗೆ ಹೋಗುವ ಬೆಳಕೇ ಕಡಿಮೆಯಾಗಿರುತ್ತದೆ. ಅದರ ಮೇಲೆ ಇಡೀ ದಿನ ಪರದೆ ಎಳೆದ ಕೋಣೆಯಲ್ಲಿ ಟಿವಿ ಮುಂದೆ ಕೂರಿಸಿದರೆ, ಆ ಗಡಿಯಾರಕ್ಕೆ ಕೀಲಿ ಕೊಡುವವರೇ ಇಲ್ಲದಂತಾಗುತ್ತದೆ. ಇದಕ್ಕೆ ದಣಿವು, ಹಸಿವು, ಉದ್ದ ನೆರಳುಗಳ ಗಾಬರಿ ಸೇರಿಕೊಳ್ಳುತ್ತವೆ.

ನೆದರ್‌ಲ್ಯಾಂಡ್ಸ್‌ನ 12 ಆರೈಕೆ ಕೇಂದ್ರಗಳ 189 ಹಿರಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಗಲೆಲ್ಲ ಪಡಸಾಲೆಯ ದೀಪಗಳನ್ನು, ಬೆಳಕಿನ ಅಳತೆಯಲ್ಲಿ ಹೇಳುವುದಾದರೆ, ಸುಮಾರು 1000 ಲಕ್ಸ್‌ನಷ್ಟು ಪ್ರಖರವಾಗಿ ಇಟ್ಟಾಗ ಖಿನ್ನತೆಯ ಲಕ್ಷಣಗಳು ಶೇ. 19ರಷ್ಟು ಕಡಿಮೆಯಾದವು, ಬುದ್ಧಿಶಕ್ತಿಯ ಕುಸಿತವೂ ತುಸು ನಿಧಾನವಾಯಿತು. ಬಹಳ ದೊಡ್ಡ ಲಾಭವೇನಲ್ಲ, ಆದರೆ ಮಾತ್ರೆಯೂ ಅಲ್ಲ, ಬರೀ ಬೆಳಕು. ನಮ್ಮ ಕಡೆ ಇದಕ್ಕೆ ಕರೆಂಟ್ ಬಿಲ್ಲೂ ಬೇಕಿಲ್ಲ. ಬೆಳಗಿನ ಬಿಸಿಲು ಬೀಳುವ ಒಂದು ಕಟ್ಟೆ, ಅಲ್ಲಿಗೆ ಕೈಹಿಡಿದು ಕರೆತರುವ ಒಬ್ಬ ಆಯಾ ಇದ್ದರೆ ಸಾಕು. ಕೇಂದ್ರದಲ್ಲಿ ಅಂಥ ಕಟ್ಟೆ ಇದೆಯೇ ಎಂಬುದಷ್ಟೇ ಅಲ್ಲ, ಅದರ ಮೇಲೆ ಜನ ಕೂತಿದ್ದಾರೆಯೇ ನೋಡಿ. ಸಂಜೆ ಹೋದಾಗ ಕಾಣುವ ಇನ್ನೊಂದು ಸಂಗತಿ ಎಂದರೆ ಪಾಳಿ ಬದಲಾಗುವುದು. ತಳಮಳ ಏರುವ ಹೊತ್ತಿಗೇ ಹಗಲಿನವರು ಮನೆಗೆ ಹೊರಟಿರುತ್ತಾರೆ, ಉಳಿಯುವವರು ಒಬ್ಬರೋ ಇಬ್ಬರೋ. ರಾತ್ರಿ ಎಷ್ಟು ಜನರಿಗೆ ಎಷ್ಟು ಆಯಾಗಳು ಎಂಬ ಪ್ರಶ್ನೆಯನ್ನು ಮ್ಯಾನೇಜರಿಗಲ್ಲ, ಆಯಾಗೇ ಕೇಳಿ.

ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. ಹೆಚ್ಚಿನವರನ್ನು ಮನೆಯಲ್ಲೇ ಸೊಸೆಯೋ ಮಗಳೋ ನೋಡಿಕೊಳ್ಳುತ್ತಾರೆ. ಸಾಮಾನ್ಯ ವೃದ್ಧಾಶ್ರಮಗಳು ‘ತಮ್ಮ ಕೆಲಸ ತಾವು ಮಾಡ್ಕೊಳ್ಳೋರು ಬೇಕ್ರಿ’ ಎಂದುಬಿಡುವುದುಂಟು. ಇದರಲ್ಲಿ ತಪ್ಪಿಲ್ಲ. ಬುದ್ಧಿ ಚುರುಕಾಗಿದ್ದು ಕಾಲು ಸೋತವರನ್ನು ನೋಡುವುದು ಒಂದು ಕೆಲಸ, ಕಾಲು ಗಟ್ಟಿಯಿದ್ದು ದಾರಿ ಮರೆತವರನ್ನು ನೋಡುವುದು ಬೇರೆಯೇ ಕೆಲಸ.

ದಾರಿ ಮರೆಯುವುದು ಸುಮ್ಮನೆ ಆಗುವುದಿಲ್ಲ. ನಾವು ಎಲ್ಲಿದ್ದೇವೆ ಎಂಬ ನಕ್ಷೆ ಬರೆಯುವ ನರಕೋಶಗಳು ಮಿದುಳಿನ ಹಿಪೊಕ್ಯಾಂಪಸ್‌ನಲ್ಲೂ ಅದರ ಪಕ್ಕದ ಎಂಟೊರೈನಲ್ ಭಾಗದಲ್ಲೂ ಇವೆ. ಇವನ್ನು ಕಂಡುಹಿಡಿದ ಜಾನ್ ಓಕೀಫ್ ಮತ್ತು ಮೋಸರ್ ದಂಪತಿಗೆ 2014ರಲ್ಲಿ ನೊಬೆಲ್ ಬಂತು. ಆಲ್‌ಝೈಮರ್ ಮೊದಮೊದಲು ಕೈ ಹಾಕುವುದು ಇದೇ ಜಾಗಕ್ಕೆ. ಹಾಗಾಗಿ ಧಾರವಾಡದ ಮಾಳಮಡ್ಡಿಯಲ್ಲಿ ನಲವತ್ತು ವರ್ಷ ಬಾಳಿದ ಮನೆಯಲ್ಲಿ ಕಣ್ಣುಮುಚ್ಚಿ ಬಚ್ಚಲಿಗೆ ಹೋಗುವವರು ಹೊಸ ಕಟ್ಟಡದಲ್ಲಿ ತಿಂಗಳಾದರೂ ಕಕ್ಕಸಿನ ಬಾಗಿಲು ಕಲಿಯಲಾರರು. ಹಳೆಯ ನಕ್ಷೆ ಉಳಿದಿರುತ್ತದೆ, ಹೊಸದನ್ನು ಬರೆಯುವ ಕೈ ಹೋಗಿರುತ್ತದೆ. ಮಂಚದಿಂದಲೇ ಕಮೋಡು ಕಾಣುವಂತಿದ್ದರೆ ಅದನ್ನು ಬಳಸುವುದು ಹೆಚ್ಚುತ್ತದೆ ಎಂದು ಬಹಳ ಹಿಂದೆಯೇ ಗೊತ್ತಾಗಿದೆ. ಆದ್ದರಿಂದ ಕೋಣೆ ತೋರಿಸುವಾಗ ನೀವೇ ಮಂಚದ ಮೇಲೆ ಒರಗಿ ನೋಡಿ, ಕಕ್ಕಸಿನ ಬಾಗಿಲು ಕಾಣುತ್ತದೆಯೇ? ಎಲ್ಲ ಬಾಗಿಲಿಗೂ ಒಂದೇ ಬಣ್ಣವೇ? ಎದುರು ಕಪ್ಪು ಕಾಲೊರಸು ಹಾಸಿದ್ದಾರೆಯೇ? ಆಳ ಅಳೆಯುವ ಶಕ್ತಿ ಕುಂದಿದ ಮಿದುಳಿಗೆ ಕಪ್ಪು ಚೌಕ ಗುಂಡಿಯಂತೆ ಕಾಣಬಹುದು, ಹೊಳೆಯುವ ಟೈಲ್ಸು ನೀರು ನಿಂತಂತೆ ಕಾಣಬಹುದು. ಬಾಗಿಲಲ್ಲೇ ಗಕ್ಕನೆ ನಿಂತವರನ್ನು ಆಯಾ ಹಿಂದಿನಿಂದ ನೂಕಿದರೆ ಬೀಳುತ್ತಾರೆ. ಅಮೃತಶಿಲೆಯ ನೆಲ, ಲಿಫ್ಟು, ದೇವರ ಕೋಣೆ ಎಂದು ಕರಪತ್ರದಲ್ಲಿ ಹಾಕಿಸುವವರಿಗೆ ಆ ಅಮೃತಶಿಲೆಯೇ ತೊಂದರೆ ಎಂದು ಗೊತ್ತಿರುವುದಿಲ್ಲ.

ಕೈಕೆಲಸದ ನೆನಪು ಕೂರುವುದು ಬೇರೆ ಜಾಗದಲ್ಲಿ, ಮಿದುಳಿನ ಆಳದ ಗಂಟುಗಳಲ್ಲಿ ಮತ್ತು ಕಿರುಮಿದುಳಿನಲ್ಲಿ. ಅವು ತಡವಾಗಿ ಸೋಲುತ್ತವೆ. ಮೊಮ್ಮಗನ ಹೆಸರು ಮರೆತ ಅಜ್ಜಿ ಜೋಳದ ಹಿಟ್ಟು ಕೈಗೆ ಕೊಟ್ಟರೆ ರೊಟ್ಟಿ ಬಡಿಯಬಲ್ಲಳು. ಬೆಟಗೇರಿಯ ಮಗ್ಗದ ಮುಂದೆ ಆಯುಷ್ಯ ಕಳೆದವರ ಬೆರಳು ಕಡಿದ ನೂಲು ಕಂಡರೆ ಗಂಟು ಹಾಕುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡಿದವರು ನಸುಕಿನಲ್ಲೇ ಎದ್ದು ಮಾರುಕಟ್ಟೆಗೆ ಹೊರಡುತ್ತಾರೆ. ಇದನ್ನು ‘ಅಲೆದಾಟ’ ಎಂದು ಫೈಲಿನಲ್ಲಿ ಬರೆದು ಕೀಲಿ ಹಾಕುವ ಕೇಂದ್ರವಿದೆ, ಬೆಳಿಗ್ಗೆ ಐದಕ್ಕೆ ಚಹಾ ಕೊಟ್ಟು ಅಂಗಳದಲ್ಲಿ ಎರಡು ಸುತ್ತು ಹಾಕಿಸುವ ಕೇಂದ್ರವೂ ಇದೆ. ನಿಮ್ಮವರು ಬದುಕಿಗೆ ಏನು ಮಾಡುತ್ತಿದ್ದರು ಎಂದು ಅವರೇ ಮುಂದಾಗಿ ಕೇಳಿದರೆ ಆ ಕೇಂದ್ರಕ್ಕೆ ಒಂದು ಅಂಕ ಹೆಚ್ಚು ಕೊಡಿ.

ಹುಬ್ಬಳ್ಳಿ ಧಾರವಾಡದ ಕಡೆಯವರು ಹೆಚ್ಚು ಯೋಚಿಸಬೇಕಾದದ್ದು ಭಾಷೆಯ ಬಗ್ಗೆ. ಮಗ ಬೆಂಗಳೂರಿನಲ್ಲಿದ್ದಾನೆ, ಅಲ್ಲೇ ದೊಡ್ಡ ಕೇಂದ್ರಗಳಿವೆ, ವಾರಕ್ಕೊಮ್ಮೆ ನೋಡಬಹುದು ಎಂಬ ಲೆಕ್ಕ ತಪ್ಪೇನಲ್ಲ. ಆದರೆ ಕಾಯಿಲೆ ಬೆಳೆದಂತೆ, ಆಮೇಲೆ ಕಲಿತ ಭಾಷೆ ಜಾರಿ ಮೊದಲ ಭಾಷೆ ಉಳಿಯುವುದು ಬಹಳ ಜನರಲ್ಲಿ ಕಾಣುತ್ತದೆ. ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಪಾಠ ಹೇಳಿದವರು ಕೊನೆಗೆ ಹಾವೇರಿಯ ತಮ್ಮ ಹಳ್ಳಿಯ ಮಾತಿಗೆ ಬಂದು ನಿಲ್ಲಬಹುದು. ‘ನೀರಡಿಕಿ ಆಗೇತಿ’ ಎಂದರೆ ತಿಳಿಯದ, ಹಿಂದಿಯಲ್ಲಿ ಮಾತ್ರ ಮಾತಾಡುವ ಹುಡುಗ ಎಷ್ಟೇ ಒಳ್ಳೆಯವನಾಗಿದ್ದರೂ ನೀರು ತಂದುಕೊಡಲಾರ. ಹುಬ್ಬಳ್ಳಿಯಲ್ಲೇ ಇಟ್ಟರೂ ಈ ಪ್ರಶ್ನೆ ಮುಗಿಯುವುದಿಲ್ಲ. ಮನೆಮಾತು ಮರಾಠಿಯೋ ಉರ್ದುವೋ ಕೊಂಕಣಿಯೋ ಆಗಿರುವವರಿಗೆ ಅದನ್ನು ಬಲ್ಲ ಒಬ್ಬರಾದರೂ ಪಾಳಿಯಲ್ಲಿರಬೇಕು. ನನ್ನನ್ನು ಕೇಳಿದರೆ, ಮಗ ತಿಂಗಳಿಗೊಮ್ಮೆ ರೈಲು ಹತ್ತಿ ಬರುವುದಾದರೂ ಸರಿ, ತಾಯಿಯ ಮಾತು ತಿಳಿಯುವ ಕಡೆ ತಾಯಿ ಇರಲಿ ಎನ್ನುತ್ತೇನೆ.

ಊಟದ್ದೂ ಹೀಗೆಯೇ. ನುಂಗುವ ಸ್ನಾಯುಗಳ ಹೊಂದಾಣಿಕೆ ಕೆಡುತ್ತ ಹೋದಾಗ ಕಟಿ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ತೆಳ್ಳಗಿನ ನೀರು, ಮಜ್ಜಿಗೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಮೆತ್ತಗೆ ಬೆಂದ ಜೋಳದ ನುಚ್ಚು, ಗಟ್ಟಿಯಾದ ಅಂಬಲಿ ಇಂಥವರಿಗೆ ಹೇಳಿ ಮಾಡಿಸಿದ್ದು. ನಮ್ಮ ಅಡುಗೆಯಲ್ಲೇ ಇರುವ ಈ ಉಪಾಯ ಬಿಟ್ಟು ಮೂರು ಹೊತ್ತೂ ಡಬ್ಬಿಯ ಪುಡಿ ಕಲಕಿ ಕೊಡುವ ಕಡೆ ಸ್ವಲ್ಪ ಅನುಮಾನ ಇರಲಿ. ತಟ್ಟೆಯ ಬಣ್ಣವೂ ಲೆಕ್ಕಕ್ಕಿದೆ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಪುಟ್ಟ ಪ್ರಯೋಗವೊಂದರಲ್ಲಿ, ಬಿಳಿ ತಟ್ಟೆ ಲೋಟ ತೆಗೆದು ಗಾಢ ಕೆಂಪು ಬಣ್ಣದವನ್ನು ಇಟ್ಟಾಗ, ಕಾಯಿಲೆ ಬಲಿತ ಒಂಬತ್ತು ಜನರ ಆಹಾರ ಸೇವನೆ ಶೇ. 25ರಷ್ಟೂ ದ್ರವ ಸೇವನೆ ಶೇ. 84ರಷ್ಟೂ ಹೆಚ್ಚಿತು. ಬಿಳಿ ತಟ್ಟೆಯಲ್ಲಿ ಮೊಸರನ್ನ ಹಾಕಿಟ್ಟು ‘ಊಟಾನ ಮಾಡಂಗಿಲ್ಲರಿ’ ಎಂದು ದೂರುವವರಿಗೆ ಇದನ್ನು ಹೇಳಬಹುದು.

ಮರೆತರೂ ಮನಸ್ಸಿಗೆ ಆದದ್ದು ಉಳಿಯುತ್ತದೆಯೇ? ಅಯೋವಾ ವಿಶ್ವವಿದ್ಯಾಲಯದವರು ಆಲ್‌ಝೈಮರ್ ಇರುವ 17 ಜನರಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ಐದು ನಿಮಿಷದ ನಂತರ ಕೇಳಿದಾಗ ನೋಡಿದ್ದು ಹೆಚ್ಚೇನೂ ನೆನಪಿರಲಿಲ್ಲ, ಆದರೆ ದುಃಖ ಮಾತ್ರ ಅರ್ಧ ಗಂಟೆಯಾದರೂ ಇಳಿದಿರಲಿಲ್ಲ. 2014ರ ಈ ಅಧ್ಯಯನ ಓದಿದ ಮೇಲೆ ‘ಬೈದದ್ದು ಅವರಿಗೆಲ್ಲಿ ನೆನಪಿರ್ತದ’ ಎಂಬ ಮಾತು ಒಪ್ಪುವುದು ಕಷ್ಟ. ಸಂಜೆ ಹೋದಾಗ ಕಿವಿ ಇಡಬೇಕಾದದ್ದು ಇಲ್ಲಿಗೇ. ‘ಮನೀಗೆ ಹೋಗೂಣ’ ಎಂದವರಿಗೆ ಆಯಾ ಏನು ಹೇಳುತ್ತಾಳೆ? ‘ಇದ ನಿಮ್ಮನಿ, ಸುಮ್ಮ ಕುಂದರ್ರಿ’ ಎಂದರೆ ಜಗಳ ಶುರು. ‘ಹೋಗೂಣಂತ ಯವ್ವಾ, ಚಾ ಕುಡದ ಹೋಗೂಣ ಬರ್ರಿ. ನಿಮ್ಮ ಮನ್ಯಾಗ ಯಾರ‍್ಯಾರದಾರ?’ ಎಂದು ಕೈ ಹಿಡಿಯುವವಳು ತರಬೇತಿ ಪಡೆದಿರಲಿ ಬಿಡಲಿ, ಕೆಲಸ ಬಲ್ಲವಳು.

ಅಂಥವಳು ಇಲ್ಲದ ಕಡೆ ಮಾತ್ರೆ ಬರುತ್ತದೆ. ಮನೋವಿಕಾರಕ್ಕೆ ಕೊಡುವ ಔಷಧಗಳು ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಹೊಸ ತಲೆಮಾರಿನವಕ್ಕೂ, 2008ರಲ್ಲಿ ಹ್ಯಾಲೊಪೆರಿಡಾಲ್‌ನಂಥ ಹಳೆಯವಕ್ಕೂ ಕಟ್ಟೆಚ್ಚರಿಕೆ ಹಾಕಿಸಿತು. ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾ ಇದ್ದವರಿಗೆ ಹ್ಯಾಲೊಪೆರಿಡಾಲ್ ಕೊಟ್ಟರೆ ಮೈ ಮರದಂತೆ ಸೆಟೆದು ಜೀವಕ್ಕೇ ಕುತ್ತಾಗಬಹುದು. ಕೆಲವು ಸಂದರ್ಭದಲ್ಲಿ, ಕಡಿಮೆ ಅವಧಿಗೆ ಇವು ಬೇಕಾಗುತ್ತವೆ, ನಿಜ. ಆದರೆ ಯಾರು ಬರೆದರು, ಯಾವಾಗ ನಿಲ್ಲಿಸುತ್ತಾರೆ, ನಿಮಗೆ ತಿಳಿಸುತ್ತಾರೆಯೇ ಎಂಬುದು ಬರವಣಿಗೆಯಲ್ಲಿರಬೇಕು. ಸಂಜೆ ಏಳಕ್ಕೇ ಇಡೀ ಕೇಂದ್ರ ನಿದ್ದೆ ಹೋಗಿದ್ದರೆ ಅದನ್ನು ಶಾಂತಿ ಎಂದುಕೊಳ್ಳಬೇಡಿ. ಮಂಚಕ್ಕೆ ಕಟ್ಟಿದ್ದು ಕಂಡರೆ ಬೇರೇನೂ ಕೇಳದೆ ಹೊರಬನ್ನಿ.

ಇಷ್ಟೆಲ್ಲ ಹುಡುಕುವ ಮೊದಲು ಕಾಯಿಲೆ ಯಾವುದೆಂದು ಖಚಿತವಾಗಬೇಕು. ಅರವತ್ತಾದ ಮೇಲೆ ಅರಳು ಮರಳು ಎಂದು ಬಿಟ್ಟವರಲ್ಲಿ ಕೆಲವರಿಗೆ ಇರುವುದು ಬಿ12 ಕೊರತೆ, ಥೈರಾಯ್ಡ್ ತೊಂದರೆ ಅಥವಾ ಖಿನ್ನತೆ, ಮೂರಕ್ಕೂ ಚಿಕಿತ್ಸೆ ಇದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದದ್ದೆಂಬ ಒಂದೇ ಕಾರಣಕ್ಕೆ ಅದರ ಗೇಟು ದಾಟಲು ಈಗಲೂ ಹಿಂಜರಿಯುವವರಿದ್ದಾರೆ, ಆ ಹಿಂಜರಿಕೆಯಲ್ಲಿ ಎರಡು ಮೂರು ವರ್ಷ ಕಳೆದುಹೋಗುತ್ತವೆ. ಸೇರಿಸಿದ ಮೇಲೂ ಒಂದು ಎಚ್ಚರ: ನಿನ್ನೆ ಮಾತಾಡುತ್ತಿದ್ದವರು ಇಂದು ಒಮ್ಮೆಲೇ ಮಂಕಾದರೆ, ಇಲ್ಲವೇ ಇಲ್ಲದ್ದನ್ನೆಲ್ಲ ಕಂಡರೆ, ಡಿಮೆನ್ಷಿಯಾ ಬೆಳೆಯಿತೆಂದು ಅರ್ಥವಲ್ಲ. ಅದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಅಷ್ಟು ಬದಲಾಗುವುದಿಲ್ಲ. ಮೂತ್ರದ ಸೋಂಕು, ಮಲಬದ್ಧತೆ, ಬೇಸಿಗೆಯಲ್ಲಿ ನೀರು ಕಡಿಮೆಯಾಗಿದ್ದು, ಹೊಸ ಔಷಧ, ಹೇಳಲಾಗದ ನೋವು ಇವನ್ನು ಮೊದಲು ನೋಡಬೇಕು. ಅಂಥ ದಿನ ವೈದ್ಯರನ್ನು ಕರೆಸುತ್ತಾರೆಯೇ, ‘ರೋಗ ಜಾಸ್ತಿ ಆಗೇತ್ರಿ’ ಎಂದು ಫೋನು ಮಾಡುತ್ತಾರೆಯೇ ಎಂಬುದರ ಮೇಲೆ ಕೇಂದ್ರದ ಯೋಗ್ಯತೆ ತಿಳಿಯುತ್ತದೆ.

ಜನ ಆಡಿಕೊಳ್ಳುತ್ತಾರೆ. ‘ಹೆತ್ತವರನ್ನ ಆಶ್ರಮಕ್ಕ ಹಾಕ್ಯಾರ’ ಎನ್ನುವ ಕಾಕಾ, ಮಾಮಾ, ರಾತ್ರಿ ಮೂರಕ್ಕೆ ಎದ್ದು ಹಾಸಿಗೆ ಬದಲಿಸಲು ಬಂದವರಲ್ಲ. 2007ರ ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಶಿಕ್ಷೆ ಹೇಳುವುದು ಹಿರಿಯರನ್ನು ಪೂರ್ತಿ ತೊರೆಯುವ ಉದ್ದೇಶದಿಂದ ಎಲ್ಲೋ ಬಿಟ್ಟು ಹೋಗುವವರಿಗೆ. ಆರೈಕೆಗೆ ಸೇರಿಸಿ, ಹೋಗಿ ಬಂದು ನೋಡಿಕೊಳ್ಳುವವರಿಗಲ್ಲ. ದೂರು, ಸಲಹೆ ಏನಿದ್ದರೂ ಹಿರಿಯರ ಸಹಾಯವಾಣಿ 14567 ಇದೆ.

ಕರಾರು ಪತ್ರದಲ್ಲಿ ಡಿಪಾಜಿಟ್ಟು, ಡೈಪರಿನ ಖರ್ಚು, ಆಸ್ಪತ್ರೆಗೆ ಒಯ್ದರೆ ಯಾರು ಜೊತೆಗಿರಬೇಕು ಎಂಬುದನ್ನೆಲ್ಲ ಎಲ್ಲರೂ ಓದುತ್ತಾರೆ. ಓದದೆ ಬಿಡುವುದು ಕೊನೆಯ ಪುಟದ ಸಾಲೊಂದನ್ನು, ಯಾವ ಸ್ಥಿತಿ ಬಂದರೆ ‘ನಿಮ್ಮವರನ್ನು ಕರೆದೊಯ್ಯಿರಿ’ ಎನ್ನುತ್ತಾರೆ ಎಂಬುದನ್ನು. ಹೊಡೆದರೆ? ನಡೆಯುವುದು ನಿಂತರೆ? ನುಂಗಲಾಗದಿದ್ದರೆ? ಡಿಮೆನ್ಷಿಯಾದಲ್ಲಿ ಮೊದಲನೆಯದು ಆಗಬಹುದು, ಉಳಿದೆರಡು ದೀರ್ಘಕಾಲ ಬದುಕಿದ ಹೆಚ್ಚಿನವರಿಗೆ ಬಂದೇ ಬರುತ್ತವೆ. ಅವಕ್ಕೆ ಸಿದ್ಧವಿಲ್ಲದ ಕೇಂದ್ರಕ್ಕೆ ಸೇರಿಸಿದರೆ, ಹೊಸ ನಕ್ಷೆ ಬರೆಯಲಾರದವರನ್ನು ಎರಡನೇ ಸಲ ಎಬ್ಬಿಸಿ ಬೇರೆ ಕಡೆ ಒಯ್ಯಬೇಕಾಗುತ್ತದೆ. ಹೋದ ವರ್ಷ ಇಲ್ಲಿಂದ ಯಾರನ್ನಾದರೂ ಹೊರಗೆ ಕಳಿಸಿದಿರಾ, ಏಕೆ ಎಂದು ನೇರವಾಗಿ ಕೇಳಿ, ಉತ್ತರ ಬರೆದುಕೊಳ್ಳಿ. ರುಜು ಮಾಡುವುದು ಆಮೇಲೆ.