ಒಳಗೋಡೆಯ ಗಾರೆ: ಒದ್ದೆ, ಉಪ್ಪು, ಬಿರುಕು

ಗೋಡೆ ಉದುರುತ್ತಿದೆ ಎಂದಾಕ್ಷಣ ಕರಣೆ ಹಿಡಿಯಬೇಡಿ. ಒಳಗಾರೆ ಕೆಡುವುದು ಹೆಚ್ಚಾಗಿ ನೀರಿನಿಂದ. ಆ ನೀರಿನ ದಾರಿ ಹುಡುಕದೆ ಮೇಲೆ ಬಳಿದದ್ದು ಮುಂದಿನ ಮಳೆಗಾಲಕ್ಕೆ ಕಿತ್ತು ಬರುತ್ತದೆ. ಕಲಿಯುವಾಗ ನಮಗೆ ಮಿಶ್ರಣದ ಪ್ರಮಾಣ ಬಾಯಿಪಾಠವಾಗುತ್ತದೆ, ಒದ್ದೆಯ ಮೂಲ ಪತ್ತೆ ಮಾಡುವುದು ಮಾತ್ರ ಹಿಂದೆ ಉಳಿಯುತ್ತದೆ. ಅದಕ್ಕೇ ಅದರಿಂದಲೇ ಶುರು ಮಾಡುತ್ತೇನೆ.

ಕಲೆ ಎಲ್ಲಿದೆ ನೋಡಿ. ನೆಲದಿಂದ ಮೊಣಕಾಲು, ಸೊಂಟದ ಎತ್ತರದವರೆಗೆ ಪಟ್ಟಿಯಂತೆ ಹಬ್ಬಿದ್ದರೆ ನೆಲದ ತೇವ ಇಟ್ಟಿಗೆಯ ಸಣ್ಣ ರಂಧ್ರಗಳ ಮೂಲಕ ಏರುತ್ತಿದೆ ಎಂದು ಶಂಕಿಸಬೇಕು. ಅಡಿಪಾಯದ ಮೇಲೆ ಡಿಪಿಸಿ, ಅಂದರೆ ನೆಲದ ತೇವ ಮೇಲೇರದಂತೆ ಹಾಕುವ ತಡೆಪದರ, ಇಲ್ಲದಿರಬಹುದು, ಇದ್ದರೂ ಒಡೆದಿರಬಹುದು, ಅಥವಾ ಹೊರಗಡೆ ಹೂವಿನ ಪಾತಿಯ ಮಣ್ಣು ಅದಕ್ಕಿಂತ ಮೇಲೆ ಏರಿರಬಹುದು. ಕಲೆ ಬಚ್ಚಲುಮನೆಯ ಹಿಂಬದಿಯ ಗೋಡೆಯಲ್ಲಿದ್ದರೆ ಪೈಪು, ಟೈಲ್ಸ್ ಸಂದು ನೋಡಿ. ಸೂರಿನ ಮೂಲೆಯಲ್ಲಿದ್ದರೆ ತಾರಸಿ.

ಒದ್ದೆ ಗೋಡೆಯ ಮೇಲೆ ಏಳುವ ಬಿಳಿ ಪುಡಿಯ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಇಟ್ಟಿಗೆ, ಮರಳು, ಸಿಮೆಂಟು, ನೆಲದ ನೀರು, ಎಲ್ಲದರಲ್ಲೂ ಕರಗುವ ಲವಣಗಳಿರುತ್ತವೆ. ನೀರು ಅವನ್ನು ಹೊತ್ತು ತಂದು ಗೋಡೆಯ ಮೈಮೇಲೆ ಆವಿಯಾಗುತ್ತದೆ, ಉಪ್ಪು ಹರಳುಗಟ್ಟಿ ಉಳಿಯುತ್ತದೆ. ಮೇಲೆ ದಪ್ಪ ಪ್ಲಾಸ್ಟಿಕ್ ಪೇಂಟ್ ಇದ್ದರೆ ಹರಳು ಅದರ ಹಿಂದೆಯೇ ಬೆಳೆದು ಪೇಂಟನ್ನು ಉಬ್ಬಿಸುತ್ತದೆ, ಗಾರೆಯನ್ನು ಪುಡಿ ಮಾಡುತ್ತದೆ. ಈ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು, ಉಪ್ಪು ಕರಗಿ ಮತ್ತೆ ಒಳಕ್ಕಿಳಿಯುತ್ತದೆ. ಒಣ ಬ್ರಷ್‌ನಿಂದ ಕೆರೆದು, ಉದುರಿದ ಪುಡಿಯನ್ನು ಗೋಡೆಯ ಬುಡದಲ್ಲಿ ಬಿಡದೆ ಎತ್ತಿಬಿಡಿ.

ಹಳೆಯ ಸುಣ್ಣದ ಗಾರೆಯ ಮನೆಗಳಿಗೆ ಸಿಮೆಂಟ್ ತೇಪೆ ಹಾಕುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಸುಣ್ಣದ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮೆಲ್ಲನೆ ಗಟ್ಟಿಯಾಗುವಂಥದ್ದು. ಮೃದು, ತೇವವನ್ನು ಹೊರಬಿಡುತ್ತದೆ. ಸಿಮೆಂಟ್ ತೇಪೆ ಅದಕ್ಕಿಂತ ಬಿರುಸು, ತೇವವನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ತಡೆದ ನೀರು ತೇಪೆಯ ಸುತ್ತಲಿನ ಹಳೆಯ ಗಾರೆಯಲ್ಲಿ, ಇಟ್ಟಿಗೆಯಲ್ಲಿ ದಾರಿ ಮಾಡಿಕೊಳ್ಳುತ್ತದೆ. ತೇಪೆ ಗಟ್ಟಿಯಾಗಿ ನಿಂತಿರುತ್ತದೆ, ಗೋಡೆ ಸವೆಯುತ್ತದೆ. ಸುಣ್ಣಕ್ಕೆ ಸುಣ್ಣವೇ ಸರಿ. ಸುಟ್ಟ ಸುಣ್ಣ ಅರಳಿಸುವಾಗ ಕುದಿಯುವಷ್ಟು ಬಿಸಿ ಏಳುತ್ತದೆ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡಿ.

ಬಿರುಕುಗಳಲ್ಲಿ ಕೂದಲೆಳೆಯಂಥವು, ಜೇಡರ ಬಲೆಯಂತೆ ಹರಡಿದವು, ಸಾಮಾನ್ಯವಾಗಿ ಸಿಮೆಂಟ್ ಹೆಚ್ಚಾಗಿಯೋ ಕ್ಯೂರಿಂಗ್ (ಹೊಸ ಗಾರೆಗೆ ನೀರುಣಿಸುವುದು) ಸಾಲದೆಯೋ ಬಂದವು. ಪುಟ್ಟಿ ಸಾಕು. ಪಿಲ್ಲರ್ ಮತ್ತು ಬ್ಲಾಕ್ ಗೋಡೆ ಕೂಡುವಲ್ಲಿ ನೇರವಾಗಿ ಬಿಟ್ಟ ಬಿರುಕಿಗೆ ಪುಟ್ಟಿ ನಿಲ್ಲುವುದಿಲ್ಲ: ಗಾರೆ ಬಿಡಿಸಿ, ಚಿಕನ್ ಮೆಷ್ (ತೆಳು ತಂತಿಯ ಜಾಲರಿ) ಹೊಡೆದು ಮತ್ತೆ ಗಾರೆ ಮಾಡಬೇಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗುರುತು ದಾಟಿ ಬೆಳೆದರೆ, ಅಗಲವಾದರೆ ಅದು ಗಾರೆಯ ದೋಷವಲ್ಲ, ಇಂಜಿನಿಯರಿಗೆ ತೋರಿಸಿ.

ಇನ್ನು ತೇಪೆ ಕೆಲಸ. ನಾಣ್ಯದಿಂದ ಗೋಡೆ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಷ್ಟನ್ನೂ, ಗಟ್ಟಿ ಅಂಚು ಸಿಗುವವರೆಗೆ, ಚೌಕವಾಗಿ ಬಿಡಿಸಿ. ಧೂಳು ತೆಗೆದು, ಗೋಡೆ ನೆನೆಸಿ, ನೀರು ಮೈಮೇಲೆ ನಿಲ್ಲದಂತಾದ ಮೇಲೆ ಗಾರೆ ಹಚ್ಚಿ. ಇಟ್ಟಿಗೆಯ ಒಳಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು, 12 ಮಿಲಿಮೀಟರ್ ದಪ್ಪ ವಾಡಿಕೆ. ಕನಿಷ್ಠ 7 ದಿನ ನೀರುಣಿಸಿ.

ಬಣ್ಣಕ್ಕೆ ಅವಸರ ಮಾಡಬೇಡಿ. ಪ್ಲಾಸ್ಟಿಕ್ ಹಾಳೆಯ ತುಂಡನ್ನು ನಾಲ್ಕೂ ಅಂಚು ಮುಚ್ಚುವಂತೆ ಟೇಪಿನಿಂದ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಗೋಡೆಯ ಕಡೆ ಹನಿ ಕಟ್ಟಿದರೆ ಒಳಗಿನ ತೇವ ಇನ್ನೂ ಬರುತ್ತಿದೆ. ಕೋಣೆಯ ಕಡೆ ಕಟ್ಟಿದರೆ ಗಾಳಿಯ ತೇವ, ಕಿಟಕಿ ತೆರೆದಿಡಿ.