ನಾಲ್ಕು ಕಂಪ್ಯೂಟರ್‌ಗಳ ಕ್ಲಸ್ಟರ್‌ಗೆ 10 ಗಿಗಾಬಿಟ್ ಸ್ವಿಚ್ ಬೇಕಾ?

ಪ್ರಶ್ನೆ: ನಾವು ಕುಶಾಲನಗರದ ಕಡೆಯ ಕಾಲೇಜಿನವರು. ನಾಲ್ಕು ಕಂಪ್ಯೂಟರ್ ಜೋಡಿಸಿ ಸಣ್ಣ ಕ್ಲಸ್ಟರ್ ಮಾಡಿದ್ದೇವೆ. ಡಬ್ಲ್ಯುಆರ್‌ಎಫ್ ಎಂಬ ಹವಾಮಾನ ಮುನ್ಸೂಚನೆಯ ತಂತ್ರಾಂಶದಲ್ಲಿ ಕೊಡಗಿನ ಮಳೆಯ ಲೆಕ್ಕ ಹಾಕುತ್ತೇವೆ. ಇವನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್ ಸಾದಾ ಗಿಗಾಬಿಟ್‌ನದ್ದು. ನಾಲ್ಕು ಸೇರಿದರೂ ಒಂದರ ಎರಡು ಪಟ್ಟು ವೇಗ ಕೂಡ ಬರುತ್ತಿಲ್ಲ. 10 ಗಿಗಾಬಿಟ್ ಸ್ವಿಚ್ ಹಾಕಿದರೆ ಸರಿಹೋಗುತ್ತಾ, ಇಲ್ಲಾ ಸೂಪರ್‌ಕಂಪ್ಯೂಟರ್‌ಗಳಲ್ಲಿ ಬಳಸುವ ಇನ್ಫಿನಿಬ್ಯಾಂಡ್ ಎಂಬ ನೆಟ್‌ವರ್ಕೇ ಬೇಕಾ?

ಉತ್ತರ: ನಿಮ್ಮ ಅಳತೆಯ ಕೆಲಸಕ್ಕೆ 10 ಗಿಗಾಬಿಟ್ ಸಾಕು. ತೊಂದರೆ ನಿಜವಾಗಿ ನೆಟ್‌ವರ್ಕ್‌ನಲ್ಲೇ ಇದ್ದರೆ ಫರಕು ಚೆನ್ನಾಗಿಯೇ ಕಾಣುತ್ತದೆ. ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡೋಣ.

ಡಬ್ಲ್ಯುಆರ್‌ಎಫ್ ನಕ್ಷೆಯನ್ನು ತುಂಡು ಮಾಡಿ ಹಂಚುತ್ತದೆ. ಭಾಗಮಂಡಲ, ತಲಕಾವೇರಿ ಒಂದು ಕಂಪ್ಯೂಟರ್‌ಗೆ ಬಂದರೆ, ಪುಷ್ಪಗಿರಿ, ಸೋಮವಾರಪೇಟೆ ಇನ್ನೊಂದಕ್ಕೆ. ಬ್ರಹ್ಮಗಿರಿಯ ಕಡೆ ಮೂರನೆಯದಕ್ಕೆ, ಕುಶಾಲನಗರದ ಬಯಲು ನಾಲ್ಕನೆಯದಕ್ಕೆ. ಮೋಡಕ್ಕೆ ಈ ಗಡಿ ಗೊತ್ತಿಲ್ಲವಲ್ಲ. ಹಾಗಾಗಿ ಲೆಕ್ಕದ ಪ್ರತಿ ಹೆಜ್ಜೆಯಲ್ಲೂ ಪ್ರತಿ ಕಂಪ್ಯೂಟರ್ ತನ್ನ ಅಂಚಿನ ಗಾಳಿ, ತೇವ, ಉಷ್ಣತೆಗಳನ್ನು ಪಕ್ಕದ್ದಕ್ಕೆ ಕಳಿಸಬೇಕು. ಪಕ್ಕದ್ದು ಬರುವವರೆಗೂ ಕಾಯಬೇಕು. 3 ಕಿ.ಮೀ.ಗೊಂದು ಬಿಂದು ಇರುವ ಗ್ರಿಡ್‌ನಲ್ಲಿ ಒಂದು ಹೆಜ್ಜೆ ಎಂದರೆ ಸುಮಾರು 18 ಸೆಕೆಂಡಿನ ಹವಾಮಾನ. ಒಂದು ದಿನದ ಮುನ್ಸೂಚನೆಗೆ 4,800 ಹೆಜ್ಜೆ ಆಯಿತು. ಪ್ರತಿ ಹೆಜ್ಜೆಗೂ ಇಂಥ ವಿನಿಮಯ ಹಲವು ಸಲ ನಡೆಯುತ್ತದೆ.

ಒಂದು ಅಂಚಿನಲ್ಲಿ 150 ಬಿಂದು, ಮೇಲಕ್ಕೆ 45 ಪದರ, ಮೂರು ಸಾಲು ಎಂದು ಇಟ್ಟುಕೊಳ್ಳಿ. ಒಂದು ಸಂಖ್ಯೆಗೆ 4 ಬೈಟ್. ಬರೀ ಉಷ್ಣತೆ ಕಳಿಸಲು 81,000 ಬೈಟ್ ಬೇಕು. ಗಿಗಾಬಿಟ್ ಲೈನಿನಲ್ಲಿ ಇದು ಸಾಗಲು 0.65 ಮಿಲಿಸೆಕೆಂಡ್, 10 ಗಿಗಾಬಿಟ್‌ನಲ್ಲಿ 0.065. ಇದರ ಜೊತೆಗೆ ಲೇಟೆನ್ಸಿ ಇದೆ. ಎಷ್ಟೇ ಚಿಕ್ಕ ಸಂದೇಶವಾದರೂ ಅದು ಹೊರಟು ತಲುಪಲು ಹಿಡಿಯುವ ಸಮಯ ಅದು. ನೆಟ್‌ವರ್ಕ್‌ನ ಸಾಮಾನ್ಯ ಸಂಪರ್ಕ ವಿಧಾನವಾದ ಟಿಸಿಪಿಯಲ್ಲಿ ಇದನ್ನು 0.05 ಮಿಲಿಸೆಕೆಂಡ್ ಎನ್ನೋಣ. ಗಿಗಾಬಿಟ್‌ನಲ್ಲಿ ಒಟ್ಟು 0.7, 10 ಗಿಗಾಬಿಟ್‌ನಲ್ಲಿ 0.115. ಆರು ಪಟ್ಟು ಲಾಭ! ಅಲ್ಲಿಂದ 100 ಗಿಗಾಬಿಟ್‌ಗೆ ಹಾರಿದರೆ? ಸುಮಾರು 0.057. ಹತ್ತು ಪಟ್ಟು ದೊಡ್ಡ ಲೈನ್ ಹಾಕಿ ಸಿಗುವುದು ಬರೀ ಎರಡು ಪಟ್ಟು. ಲೇಟೆನ್ಸಿ ಕದಲದೆ ಕೂತಿರುತ್ತದೆ ನೋಡಿ.

ಆ ಲೇಟೆನ್ಸಿಯನ್ನು 0.002 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಸುವುದೇ ಇನ್ಫಿನಿಬ್ಯಾಂಡಿನ ದೊಡ್ಡ ಗುಣ. ಹತ್ತಿಪ್ಪತ್ತು ಕಂಪ್ಯೂಟರ್ ಸೇರಿಸಿ, ಪ್ರತಿಯೊಂದರ ತುಂಡು ಚಿಕ್ಕದಾಗುತ್ತಾ ಹೋದಾಗ ಅದು ಬೇಕೇ ಬೇಕು. ನಾಲ್ಕಕ್ಕೆ ಅವಸರವಿಲ್ಲ. ಹಳೆಯ 36 ಪೋರ್ಟಿನ ಇನ್ಫಿನಿಬ್ಯಾಂಡ್ ಸ್ವಿಚ್ ಕಡಿಮೆ ಬೆಲೆಗೆ ಸಿಕ್ಕಿತು ಅಂತ ತಂದು ಲ್ಯಾಬಿನಲ್ಲಿ ಇಟ್ಟರೆ, ಫ್ಯಾನಿನ ಸದ್ದಿಗೆ ಅಲ್ಲಿ ಪಾಠ ಮಾಡಲಾಗುವುದಿಲ್ಲ. ಆ ನೆಟ್‌ವರ್ಕ್‌ನ ದಾರಿಗಳನ್ನು ಹೊಂದಿಸುವ ಸಬ್‌ನೆಟ್ ಮ್ಯಾನೇಜರ್ ಎಂಬ ಪ್ರೋಗ್ರಾಂ ಬೇರೆ ಓಡಿಸಬೇಕು.

ಇನ್ನು ದುಡ್ಡು ಕೊಡುವ ಮುಂಚಿನ ಪರೀಕ್ಷೆ. ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಕಂಪ್ಯೂಟರ್ ಮೇಲಿನ ಹೊರೆ ತೋರಿಸುವ ಟಾಪ್ ಕಮಾಂಡ್‌ನಲ್ಲಿ ಸಿಪಿಯು 100% ಕಂಡರೆ ನೆಟ್‌ವರ್ಕ್ ಸರಿ ಇದೆ ಅಂದುಕೊಳ್ಳುತ್ತಾರೆ. ಕಂಪ್ಯೂಟರ್‌ಗಳ ನಡುವೆ ಸಂದೇಶ ಸಾಗಿಸುವ ಎಂಪಿಐ ತಂತ್ರಾಂಶ ಸಾಮಾನ್ಯವಾಗಿ ಸಂದೇಶಕ್ಕೆ ಕಾಯುವಾಗಲೂ ಸುಮ್ನೆ ಇರುವುದಿಲ್ಲ, ಬಂತಾ ಬಂತಾ ಅಂತ ಕೇಳುತ್ತಲೇ ಇರುತ್ತದೆ. ಅದೂ 100% ಅಂತಲೇ ತೋರುತ್ತದೆ. ಡಬ್ಲ್ಯುಆರ್‌ಎಫ್‌ನ ಲಾಗ್ ಕಡತದಲ್ಲಿ ಪ್ರತಿ ಹೆಜ್ಜೆಗೆ ಹಿಡಿದ ಸಮಯ ಇರುತ್ತದೆ, ಅದನ್ನು ನಂಬಿ. ಒಂದೇ ಕಂಪ್ಯೂಟರ್‌ನಲ್ಲಿ ಮೊದಲು ಎಲ್ಲಾ ಕೋರ್ ಬಳಸಿ, ಆಮೇಲೆ ಅರ್ಧ ಕೋರ್ ಬಳಸಿ ಓಡಿಸಿ. ಸಮಯ ಹೆಚ್ಚುಕಮ್ಮಿ ಅಷ್ಟೇ ಬಂದರೆ ನಿಮ್ಮ ಕೊರತೆ ಮೆಮೊರಿಯ ವೇಗದ್ದು. ಅದನ್ನು ಯಾವ ಸ್ವಿಚ್ಚೂ ಸರಿಮಾಡುವುದಿಲ್ಲ. ಆಮೇಲೆ ಎರಡು, ನಾಲ್ಕು ಕಂಪ್ಯೂಟರ್‌ಗಳಲ್ಲಿ ಓಡಿಸಿ, ಲೈನಿನ ಹರಿವು ನೋಡಿ. ಮತ್ತೆ ಮತ್ತೆ ಸೆಕೆಂಡಿಗೆ 110 ಮೆಗಾಬೈಟ್ ಮುಟ್ಟುತ್ತಿದ್ದರೆ ಗಿಗಾಬಿಟ್ ತುಂಬಿದೆ ಎಂದೇ ಅರ್ಥ.

ಕೊಳ್ಳುವಾಗಲೂ ಸ್ವಿಚ್‌ನಿಂದ ಶುರು ಮಾಡಬೇಡಿ. ಎಸ್‌ಎಫ್‌ಪಿ ಪ್ಲಸ್ ಎಂಬ 10 ಗಿಗಾಬಿಟ್ ಪೋರ್ಟಿರುವ ಎರಡು ನೆಟ್‌ವರ್ಕ್ ಕಾರ್ಡ್, ಅದಕ್ಕೆ ನೇರವಾಗಿ ಸಿಕ್ಕಿಸುವ ಡಿಎಸಿ ಎಂಬ ತಾಮ್ರದ ಕೇಬಲ್ ಒಂದು ತನ್ನಿ. ಎರಡು ಕಂಪ್ಯೂಟರ್‌ಗಳನ್ನು ನೇರವಾಗಿ ಜೋಡಿಸಿ ಅದೇ ಕೆಲಸ ಓಡಿಸಿ. ವೇಗ ಹೆಚ್ಚಿದರೆ ಮಾತ್ರ ಸ್ವಿಚ್. ಕಂಪ್ಯೂಟರ್ ಒಳಗೆ ಕಾರ್ಡ್ ಕೂರುವ ಸ್ಲಾಟ್ ಕನಿಷ್ಠ ಎಕ್ಸ್4, ಅಂದರೆ ನಾಲ್ಕು ಲೇನಿನದು, ಇರಲಿ, ಎಕ್ಸ್1 ಸ್ಲಾಟ್ ಬೇಡ.

ಸಾದಾ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಆರ್‌ಜೆ45 ಪೋರ್ಟಿನ 10 ಗಿಗಾಬಿಟ್ ಸ್ವಿಚ್ ನೋಡಲು ಪರಿಚಿತ, ಹಳೆ ಕೇಬಲ್ ನಡೆಯುತ್ತೆ ಅನ್ನಿಸುತ್ತದೆ. ಅದರಲ್ಲಿ ಪೋರ್ಟಿಗೆ ಕೆಲವು ವಾಟ್ ಕರೆಂಟ್ ಖರ್ಚು, ಬಿಸಿ ಜಾಸ್ತಿ, ಲೇಟೆನ್ಸಿಯೂ ಸ್ವಲ್ಪ ಜಾಸ್ತಿ. ಕ್ಯಾಟ್6 ಕೇಬಲ್ ಆದರೆ 55 ಮೀಟರ್, 100 ಮೀಟರ್ ಬೇಕೆಂದರೆ ಕ್ಯಾಟ್6ಎ. ನಾಲ್ಕೂ ಕಂಪ್ಯೂಟರ್ ಒಂದೇ ಮೇಜಿನ ಮೇಲಿದ್ದರೆ ಎರಡು ಮೂರು ಮೀಟರಿನ ಡಿಎಸಿಯೇ ನನ್ನ ಆಯ್ಕೆ. ಎಂಟು ಪೋರ್ಟಿನ ಸ್ವಿಚ್‌ಗೆ ಸ್ವಿಚಿಂಗ್ ಸಾಮರ್ಥ್ಯ 160 ಗಿಗಾಬಿಟ್ ಎಂದು ಬರೆದಿದೆಯಾ ನೋಡಿ. ಇದ್ದರೆ ಎಲ್ಲಾ ಪೋರ್ಟೂ ಒಟ್ಟಿಗೆ ಎರಡೂ ದಿಕ್ಕಿಗೆ ಪೂರ್ತಿ ವೇಗದಲ್ಲಿ ಓಡಬಲ್ಲವು.

ಎರಡು ಗಿಗಾಬಿಟ್ ಲೈನ್ ಸೇರಿಸಿದರೆ ಆಗಲ್ವಾ ಅಂತಲೂ ಕೇಳುತ್ತಾರೆ. 1994ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಸಾದಾ ಕಂಪ್ಯೂಟರ್‌ಗಳಿಂದ ಮೊದಲ ಬಿಯೊವುಲ್ಫ್ ಕ್ಲಸ್ಟರ್ ಕಟ್ಟಿದಾಗ ಹೀಗೇ 10 ಮೆಗಾಬಿಟ್ ಲೈನ್‌ಗಳನ್ನು ಜೋಡಿಸಿದ್ದರು. ಆದರೆ ಈಗಿನ ಸ್ವಿಚ್‌ಗಳಲ್ಲಿ ಲೈನ್ ಸೇರಿಸುವ ಎಲ್‌ಎಸಿಪಿ ವಿಧಾನದಲ್ಲಿ ಒಂದು ಸಂಪರ್ಕದ ಮಾಹಿತಿ ಒಂದೇ ಲೈನಿನಲ್ಲಿ ಹೋಗುತ್ತದೆ. ಎರಡು ಕಂಪ್ಯೂಟರ್‌ಗಳ ನಡುವಿನ ಒಂದು ಸಂಪರ್ಕಕ್ಕೆ ವೇಗ ಹೆಚ್ಚುವುದಿಲ್ಲ.

ಕೊಡಗಿನಲ್ಲಿ ಇದನ್ನೆಲ್ಲ ಕೂರಿಸುವವರು ಕರೆಂಟನ್ನೂ ಮಿಂಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎಳೆದ ತಾಮ್ರದ ಕೇಬಲ್ ಅಪಾಯ. ಮಿಂಚು ಹತ್ತಿರದಲ್ಲಿ ಹೊಡೆದರೂ ಸಾಕು, ಎರಡೂ ಕಡೆಯ ಪೋರ್ಟ್ ಸುಟ್ಟುಹೋಗಬಹುದು. ಅಲ್ಲಿ ಫೈಬರ್ ಹಾಕಿ, ಲೋಹದ ಎಳೆ ಇಲ್ಲದ್ದನ್ನೇ ಕೇಳಿ ತನ್ನಿ. ಖಾಲಿ ಪೋರ್ಟ್‌ಗಳ ರಬ್ಬರ್ ಮುಚ್ಚಳ ತೆಗೆದು ಬಿಸಾಡಬೇಡಿ, ಹುಳ, ಧೂಳು ಒಳಗೆ ಹೋಗುವುದು ತಪ್ಪುತ್ತದೆ.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ನಿಮಗೆ ಹೊಸದಲ್ಲ. ಕಂಪ್ಯೂಟರ್‌ಗಳನ್ನು ಮಾತ್ರ ಯುಪಿಎಸ್‌ಗೆ ಕೊಟ್ಟು ಸ್ವಿಚ್ಚನ್ನು ಗೋಡೆಯ ಪ್ಲಗ್‌ಗೆ ಹಾಕಿರುವ ಲ್ಯಾಬ್‌ಗಳಿವೆ. ಕರೆಂಟ್ ಒಂದು ಕ್ಷಣ ಹೋದರೆ ಸಾಕು, ಸ್ವಿಚ್ ಮತ್ತೆ ಏಳುವಷ್ಟರಲ್ಲಿ ರಾತ್ರಿಯಿಡೀ ಓಡಿದ ಲೆಕ್ಕ ನಿಂತುಹೋಗಬಹುದು. ಸ್ವಿಚ್‌ಗೂ ಅದೇ ಯುಪಿಎಸ್‌ನಿಂದ ಲೈನ್ ಕೊಡಿ. ಡಬ್ಲ್ಯುಆರ್‌ಎಫ್‌ನಲ್ಲಿ ಮೂರು ಗಂಟೆಯ ಹವಾಮಾನಕ್ಕೊಂದು ರಿಸ್ಟಾರ್ಟ್ ಕಡತ ಬರೆಯುವ ಹಾಗೆ ಇಡಿ. ಕರೆಂಟ್ ಬಂದ ಮೇಲೆ ಅಲ್ಲಿಂದಲೇ ಮುಂದುವರಿಸಬಹುದು.